ಎಂಜಿನ್ ಪಕ್ಕದ ಭಾರದ ಚಕ್ರ

ಜಗಳೂರು ಕಡೆ ಮೆಕ್ಕೆಜೋಳ ಒಕ್ಕುವ ಕಣದಲ್ಲಿ, ಹೊನ್ನಾಳಿ–ನ್ಯಾಮತಿಯ ಗದ್ದೆಯಲ್ಲಿ ಓಡಾಡುವ ಟಿಲ್ಲರಿನಲ್ಲಿ, ಕರೆಂಟ್ ಹೋದಾಗ ಚನ್ನಗಿರಿಯ ಅಡಿಕೆ ಮನೆಗಳ ಜನರೇಟರಿನಲ್ಲಿ, ಎಲ್ಲ ಕಡೆಯೂ ಕೇಳುವುದು ಡೀಸೆಲ್ ಎಂಜಿನ್ ಸದ್ದು. ಹಳೇ ಪಂಪ್‌ಸೆಟ್ ಎಂಜಿನ್ನನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಪಕ್ಕಕ್ಕೆ ದಪ್ಪನೆಯ ಎರಕದ ಕಬ್ಬಿಣದ ಚಕ್ರವೊಂದು ಇರುತ್ತದೆ. ಅದೇ ಫ್ಲೈವೀಲ್. ನೋಡುವುದಕ್ಕೆ ಅದು ಏನೂ ಕೆಲಸ ಮಾಡುತ್ತಿಲ್ಲ, ಸುಮ್ಮನೆ ತಿರುಗುತ್ತಿದೆ ಅಂತಲೇ ಅನ್ನಿಸುತ್ತದೆ.

ಹಾಗಾದರೆ ಅಷ್ಟು ಭಾರ ಯಾಕೆ? ಲೇತಿನಲ್ಲಿ ಕೊರೆದು ಹಗುರ ಮಾಡಿಬಿಟ್ಟರೆ ಎಂಜಿನ್ ಇನ್ನೂ ಜೋರಾಗಿ ಓಡುವುದಿಲ್ಲವೇ? ಮೋಟಾರ್ ರೇಸಿನ ಗೀಳಿರುವ ಅಣ್ಣಂದಿರು ಹೀಗೆ ಮಾತಾಡುವುದನ್ನು ನೀವೂ ಕೇಳಿರಬಹುದು. ಅವರು ಹೇಳುವುದರಲ್ಲಿ ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಸಿಲಿಂಡರಿನ ಒಳಗೆ ಇಣುಕಬೇಕು.

ಅಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಕೆಳಗೆ ಇಳಿಯುತ್ತಾ ಗಾಳಿ ಹೀರುತ್ತದೆ, ಮೇಲೆ ಬರುತ್ತಾ ಅದನ್ನು ಅದುಮುತ್ತದೆ. ಆಮೇಲೆ ಡೀಸೆಲ್ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಮತ್ತೆ ಮೇಲೆ ಬಂದು ಹೊಗೆಯನ್ನು ಹೊರಗೆ ಹಾಕುತ್ತದೆ. ಈ ನಾಲ್ಕು ಓಟಕ್ಕೆ ಚಕ್ರ ಎರಡು ಸುತ್ತು ತಿರುಗಿರುತ್ತದೆ. ಗಮನಿಸಿ, ನಾಲ್ಕರಲ್ಲಿ ಒಂದೇ ಒಂದು ಓಟ ಬಲ ಕೊಡುವಂಥದ್ದು, ಮಿಕ್ಕ ಮೂರೂ ಬಲ ಕೇಳುವಂಥವು. ಅದರಲ್ಲೂ ಅದುಮುವ ಓಟ ಮಹಾ ಹಟಮಾರಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಹದಿನಾರು, ಹದಿನೆಂಟು ಪಾಲಿನಲ್ಲಿ ಒಂದು ಪಾಲಾಗುವಷ್ಟು ಹಿಂಡಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿಗೂ ಒಂದೇ ಸಿಲಿಂಡರು, ಪಕ್ಕದಲ್ಲಿ ದೊಡ್ಡ ಚಕ್ರ.

ಬಲ ಕೇಳುವ ಆ ಮೂರು ಓಟಗಳನ್ನು ದಾಟಿಸುವುದು ಈ ಭಾರದ ಚಕ್ರವೇ. ಕುಂಬಾರರ ತಿಗರಿಯೂ ಹೀಗೇ. ಕೋಲು ಕೊಟ್ಟು ಜೋರಾಗಿ ತಿರುಗಿಸಿ ಬಿಟ್ಟರೆ ಸಾಕು, ಮಡಕೆ ಎದ್ದು ನಿಲ್ಲುವ ತನಕ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತು ತಿರುಗಿಸುವುದು ಅದರ ತೂಕ.

ಹಳೇ ಎಂಜಿನ್ ಚಾಲೂ ಮಾಡುವುದನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎಂಜಿನ್ ತಲೆಯ ಮೇಲೆ ಪುಟ್ಟ ಲಿವರ್ ಇರುತ್ತದೆ. ಮೊದಲು ಅದನ್ನು ಎತ್ತುತ್ತಾರೆ. ಆಗ ವಾಲ್ವ್ ತೆರೆದೇ ಇರುತ್ತದೆ, ಗಾಳಿ ಅದುಮಿಸಿಕೊಳ್ಳದೆ ಬುಸ್ ಬುಸ್ ಎಂದು ಹೊರಗೆ ಹೋಗುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಮೊದಲು ಚಕ್ರ ಒಲ್ಲೆ ಅನ್ನುತ್ತದೆ, ಆಮೇಲೆ ನಿಧಾನಕ್ಕೆ ವೇಗ ಹಿಡಿಯುತ್ತದೆ. ವೇಗ ಸಾಕು ಅನ್ನಿಸಿದಾಗ ಲಿವರ್ ಕೆಳಗೆ ಬೀಳಿಸುತ್ತಾರೆ. ಚಕ್ರ ಅಷ್ಟು ಹೊತ್ತು ಕೂಡಿಟ್ಟುಕೊಂಡ ಶಕ್ತಿಯೆಲ್ಲ ಒಮ್ಮೆಲೇ ಪಿಸ್ಟನ್ನಿಗೆ ಸಿಕ್ಕಿ ಗಾಳಿಯನ್ನು ಹಿಂಡುತ್ತದೆ, ಡೀಸೆಲ್ ಹೊತ್ತಿ ‘ಡುಗ್’ ಅನ್ನುತ್ತದೆ. ಚಕ್ರ ತೀರಾ ಹಗುರಾಗಿದ್ದರೆ ಆ ಒಂದು ಅದುಮುವಿಕೆಯನ್ನೂ ದಾಟದೆ ಅಲ್ಲಿಗೇ ನಿಲ್ಲುತ್ತಿತ್ತು.

ಇಂಥ ಹಳೇ ನಿಧಾನದ ಎಂಜಿನ್ ನಿಮಿಷಕ್ಕೆ 650 ಸುತ್ತು ತಿರುಗುತ್ತಿತ್ತು. ಅಂದರೆ ಡೀಸೆಲ್ ಉರಿಯುತ್ತಿದ್ದುದು ನಿಮಿಷಕ್ಕೆ 325 ಸಲ. ಅದಕ್ಕೇ ಆ ಡುಗ್ ಡುಗ್ ಬಿಡಿಬಿಡಿಯಾಗಿ ಕೇಳುತ್ತಿದ್ದುದು. ಆರು ಸಿಲಿಂಡರಿನ ಲಾರಿಯಲ್ಲಾದರೆ ಎರಡು ಸುತ್ತಿಗೆ ಆರು ಸಲ ಬಲ ಸಿಗುತ್ತದೆ. ನಡುವೆ ಅಷ್ಟು ಬಿಡುವೇ ಇಲ್ಲದ್ದರಿಂದ, ಎಂಜಿನ್ನಿನ ಗಾತ್ರಕ್ಕೆ ಹೋಲಿಸಿದರೆ ಅದಕ್ಕೆ ಅಷ್ಟು ಭಾರದ ಚಕ್ರ ಬೇಡ.

ಈಗ ಚಿಕ್ಕ ಪ್ರಯೋಗ. ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿ. ಒಂದೇ ತೂಕದ ಎರಡು ಮರಳಿನ ಪೊಟ್ಟಣಗಳನ್ನು ಮುಂದಿನ ಚಕ್ರದ ಕಡ್ಡಿಗಳಿಗೆ, ನಡುವಿನ ಗುಂಭದ ಹತ್ತಿರ ಎದುರುಬದುರಾಗಿ ಬಿಗಿದು ಕಟ್ಟಿ. ಕೈಯಿಂದ ನಿಧಾನಕ್ಕೆ ತಿರುಗಿಸಿ, ನಿಲ್ಲಿಸಿ ನೋಡಿ. ಆಮೇಲೆ ಅದೇ ಪೊಟ್ಟಣಗಳನ್ನು ರಿಮ್ಮಿನ ಹತ್ತಿರಕ್ಕೆ ಸರಿಸಿ ಕಟ್ಟಿ. ತೂಕ ಒಂದು ಗ್ರಾಮೂ ಹೆಚ್ಚಾಗಿಲ್ಲ. ಆದರೂ ತಿರುಗಿಸಲು ಹೆಚ್ಚು ಬಲ ಬೇಕು, ನಿಲ್ಲಿಸಲೂ ಹೆಚ್ಚು ಬಲ ಬೇಕು! ಕೇಂದ್ರದಿಂದ ದೂರ ಎರಡು ಪಟ್ಟಾದರೆ ಆ ತೂಕದ ಪರಿಣಾಮ ನಾಲ್ಕು ಪಟ್ಟಾಗುತ್ತದೆ. ಫ್ಲೈವೀಲಿನ ಅಂಚು ದಪ್ಪಗಿರುವುದು ಇದಕ್ಕೇ. ಹಗುರ ಮಾಡುವವರೂ ಮೊದಲು ಕೈ ಹಾಕುವುದು ಅಂಚಿಗೇ.

ಹಗುರ ಮಾಡಿದರೆ ಸಿಗುವುದೇನು? ಎಂಜಿನ್ ವೇಗ ಏರಿಸಿಕೊಳ್ಳುವಾಗ ತನ್ನ ಬಲದಲ್ಲಿ ಒಂದು ಪಾಲನ್ನು ತನ್ನ ಚಕ್ರಕ್ಕೇ ಖರ್ಚು ಮಾಡುತ್ತದೆ. ಚಕ್ರ ಹಗುರಾದರೆ ಆ ಖರ್ಚು ಕಡಿಮೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಚುರುಕಾಗಿ ಏರುತ್ತದೆ. ರೇಸಿನವರಿಗೆ ಬೇಕಾದದ್ದು ಅದೇ. ಆದರೆ ಅಶ್ವಶಕ್ತಿ ಹುಟ್ಟುವುದು ಡೀಸೆಲ್ ಉರಿಯುವ ಜಾಗದಲ್ಲಿ, ಚಕ್ರದಲ್ಲಲ್ಲ. ದಿನವಿಡೀ ಒಂದೇ ವೇಗದಲ್ಲಿ ಓಡುವ ಪಂಪ್‌ಸೆಟ್ಟಿನ ಚಕ್ರವನ್ನು ಕೊರೆದು ಹಗುರ ಮಾಡಿದರೆ ಒಂದು ಕೊಡ ನೀರೂ ಹೆಚ್ಚು ಬರುವುದಿಲ್ಲ. ಮೆಕ್ಕೆಜೋಳದ ಯಂತ್ರಕ್ಕಂತೂ ನಷ್ಟವೇ. ಒಂದು ಬುಟ್ಟಿ ತೆನೆ ದಬಕ್ಕನೆ ಒಳಗೆ ಬಿದ್ದಾಗ ಭಾರದ ಚಕ್ರ ತನ್ನ ಉಳಿತಾಯದಿಂದ ಬಲ ಕೊಟ್ಟು ಸಂಭಾಳಿಸುತ್ತದೆ. ಹಗುರ ಚಕ್ರದ ಎಂಜಿನ್ ಮುಗ್ಗರಿಸಿ ಬಂದ್ ಆಗಬಹುದು. ಹೊಲದ ಎಂಜಿನ್ನಿನ ಚಕ್ರವನ್ನು ಮುಟ್ಟದೇ ಬಿಡುವುದೇ ಸರಿ ಅಂತ ನಾನಂತೂ ಹೇಳುತ್ತೇನೆ.

ಹಗುರವಾಗಿದ್ದಷ್ಟೂ ಒಳ್ಳೆಯದು ಅನ್ನಬಹುದಾದ ಚಕ್ರವೂ ಡೀಸೆಲ್ ಗಾಡಿಯಲ್ಲಿದೆ: ಟರ್ಬೊ. ಹೊರಗೆ ಹೋಗುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಚಕ್ರ ಅದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಇಂದಿನ ಕಾರುಗಳಲ್ಲಿ ಅದು ನಿಮಿಷಕ್ಕೆ ಲಕ್ಷ ಸುತ್ತನ್ನೂ ದಾಟುತ್ತದೆ. ಅದು ಭಾರವಾದರೆ ವೇಗ ಹಿಡಿಯಲು ತಡ, ಗಾಡಿ ಎಳೆಯಲೂ ತಡ.

ಇನ್ನು ಲೇತಿನ ವಿಷಯ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೇ ಹೆಸರಾಗಿತ್ತು. ಲೇತ್ ಇದ್ದರೆ ಕಬ್ಬಿಣ ಕೊರೆಯುವುದು ಕಷ್ಟವಲ್ಲ, ಚಕ್ರದ ಸಮತೋಲ ಉಳಿಸುವುದು ಕಷ್ಟ. ಲೆಕ್ಕ ಹಾಕೋಣ. ಅರ್ಧ ಮೀಟರ್ ಅಗಲದ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ಅಂಚಿನ ಒಂದು ಕಡೆ ಬರೀ 10 ಗ್ರಾಂ ಹೆಚ್ಚಿದ್ದರೂ ಅದು ಆರು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ, ಒಂದೇ ಸೆಕೆಂಡಿನಲ್ಲಿ 25 ಸಲ ಸುತ್ತಲೂ ಜಗ್ಗುತ್ತದೆ. ಎಂಜಿನ್ ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಸಣ್ಣ ಬಿರುಕಿರುವ ಎರಕದ ಚಕ್ರ ಅತಿವೇಗದಲ್ಲಿ ಒಡೆದು ಚೂರು ಹಾರಿದ್ದೂ ಉಂಟು.

ಆದ್ದರಿಂದ ಮಕ್ಕಳೇ, ಎಂಜಿನ್ ಓಡುತ್ತಿರುವಾಗ ಫ್ಲೈವೀಲಿನ ನೇರಕ್ಕೆ ಯಾವತ್ತೂ ನಿಲ್ಲಬೇಡಿ. ಪಕ್ಕಕ್ಕೆ ಸರಿದು, ಜಡೆ, ವೇಲು, ಟವೆಲ್ಲು ಬೆಲ್ಟಿಗೆ ಸಿಗದಷ್ಟು ದೂರದಲ್ಲಿ ನಿಂತು ನೋಡಿ. ಮನೆಯ ದೊಡ್ಡವರಿಗೂ ಇದನ್ನು ಹೇಳಿ.