ಮಾತನಾಡಿಸುವ ವಿದ್ಯೆ

(ಮಹೋತ್ಸವದ ವಿದ್ಯಾರ್ಥಿಗೋಷ್ಠಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಮಾತು ಮನುಷ್ಯನಿಗೆ ದೈವದತ್ತವಾದ ಸಂಪತ್ತು. ಆದರೆ ಹತ್ತು ಜನರ ನಡುವೆ ನಿಂತು ಆ ಸಂಪತ್ತನ್ನು ಹಿತವಾಗಿಯೂ ಮಿತವಾಗಿಯೂ ವಿನಿಯೋಗಿಸುವುದು ಹುಟ್ಟಿನಿಂದ ಬರತಕ್ಕದ್ದಲ್ಲ. ಅದು ಅಭ್ಯಾಸದಿಂದ ಸಿದ್ಧಿಸತಕ್ಕ ವಿದ್ಯೆ. ಈ ವಿದ್ಯೆಗೆ ಎರಡು ಅಂಗಗಳುಂಟು. ತಾನು ಅರಿತ ವಿಷಯವನ್ನು ಸಭೆಗೆ ತಿಳಿಯುವಂತೆ ನಿರೂಪಿಸುವುದು ಒಂದನೆಯದು. ಸಭೆಯಲ್ಲಿ ಕುಳಿತವರೆಲ್ಲರೂ ತಮ್ಮ ತಮ್ಮ ಅರಿವನ್ನು ಹೊರಗೆಡಹುವಂತೆ ಗೋಷ್ಠಿಯನ್ನು ನಡೆಸುವುದು ಎರಡನೆಯದು. ಮೊದಲನೆಯದನ್ನು ಕಲಿಯಬೇಕೆಂಬ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಉಂಟು. ಎರಡನೆಯದನ್ನು ಒಂದು ವಿದ್ಯೆಯೆಂದು ಎಣಿಸುವವರೇ ವಿರಳ. ಹೀಗಿದ್ದರೂ ಎರಡನೆಯದೇ ಹಿರಿದೆಂಬುದೂ, ಅದನ್ನು ಬಿಟ್ಟ ಮೊದಲನೆಯದು ಬರಿಯ ವಾಚಾಳತನವಾಗುವುದೆಂಬುದೂ ಈ ಉಪನ್ಯಾಸದ ತಾತ್ಪರ್ಯ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ಸೀಮೆಯ ಹಳ್ಳಿಯ ಹುಡುಗನನ್ನು ನೋಡಿರಿ. ಹೊಲದ ಬದುವಿನಲ್ಲಿ, ಅರಳಿಕಟ್ಟೆಯಲ್ಲಿ, ಜಾತ್ರೆಯ ಗದ್ದಲದಲ್ಲಿ ಆತನ ಮಾತಿಗೆ ತಡೆಯಿಲ್ಲ. ಅದೇ ಹುಡುಗನನ್ನು ತರಗತಿಯ ಕರಿಹಲಗೆಯ ಮುಂದೆ ನಿಲ್ಲಿಸಿ, ಐದು ನಿಮಿಷ ಒಂದು ವಿಷಯವನ್ನು ಕುರಿತು ಹೇಳೆಂದರೆ ಗಂಟಲು ಒಣಗುವುದು, ಕಾಲು ನಡುಗುವುದು. ಇದಕ್ಕೆ ಹಿರಿಯರು ಸಭಾಕಂಪವೆಂದು ಹೆಸರಿಟ್ಟರು. ಇದು ಅಜ್ಞಾನದ ಫಲವೇ? ಅಲ್ಲ. ಹಿಂದೆಂದೂ ಯಾರೂ ಆತನನ್ನು ಎಬ್ಬಿಸಿ ನಿಲ್ಲಿಸಿ ಕೇಳಿದವರಿಲ್ಲ ಎಂಬುದು ಒಂದು ಕಾರಣ. ತಪ್ಪಿದರೆ ನಗುವರೆಂಬ ಅಂಜಿಕೆ ಇನ್ನೊಂದು. ಇಂಗ್ಲಿಷು ಬಾರದವನಿಗೆ ಬುದ್ಧಿಯೂ ಬಾರದೆಂಬ ಸುಳ್ಳು ನಂಬಿಕೆ ಮೂರನೆಯದು. ಬಿಡದಿಯ ಕಾರ್ಖಾನೆಗಳಲ್ಲಾಗಲಿ ಬೆಂಗಳೂರಿನ ಕಚೇರಿಗಳಲ್ಲಾಗಲಿ ಕೆಲಸಕ್ಕೆ ಹೋದಾಗ, ಐದಾರು ಮಂದಿಯನ್ನು ಒಂದು ಮೇಜಿನ ಸುತ್ತ ಕೂರಿಸಿ ಚರ್ಚಿಸಿರೆಂದು ಹೇಳುವ ಪದ್ಧತಿ ಈಗ ಬೆಳೆದಿದೆ. ಅಲ್ಲಿ ವಿಷಯ ಬಲ್ಲ ಹಳ್ಳಿಯ ಹುಡುಗಿ ಮೌನವಾಗಿ ಕುಳಿತು, ಅಷ್ಟು ಬಲ್ಲದವನು ಗಟ್ಟಿಯಾಗಿ ಮಾತನಾಡಿ ಕೆಲಸ ಪಡೆದುದಾದರೆ, ನಷ್ಟವು ಆಕೆಯೊಬ್ಬಳದೇ ಅಲ್ಲ; ಹೊಟ್ಟೆ ಕಟ್ಟಿ ಓದಿಸಿದ ತಂದೆತಾಯಿಗಳದೂ ಅಹುದು.

ಹಾಗಾದರೆ ನಿರೂಪಣೆಯನ್ನು ಕಲಿಯುವುದು ಹೇಗೆ? ಇದಕ್ಕೆ ಗುರುವನ್ನು ದೂರ ಹುಡುಕಬೇಕಾಗಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕುಶಲಿಯ ಬಳಿಗೆ ಹೋದರೆ ಸಾಕು. ಅರಗಿನ ಗುಣವನ್ನು ಕುರಿತು ಆತನು ಭಾಷಣ ಮಾಡುವುದಿಲ್ಲ. ತಿರುಗುತ್ತಿರುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರದ ಮೇಲೆಲ್ಲ ಹರಡುವುದನ್ನು ನೋಡುವವರು ತಾವೇ ಕಾಣುತ್ತಾರೆ. ಕಂಡಮೇಲೆ ಎರಡು ಮಾತು ಹೇಳಿದರೆ ಅವು ಮನಸ್ಸಿನಲ್ಲಿ ನಿಲ್ಲುತ್ತವೆ. ನಿರೂಪಣೆಯ ನಿಯಮವೂ ಇದೇ. ಕೇಳುವವರಿಗೆ ಗೊತ್ತಿರುವ ವಸ್ತುವಿನಿಂದ ಹೊರಟು ಗೊತ್ತಿಲ್ಲದುದಕ್ಕೆ ಕರೆದೊಯ್ಯಬೇಕು. ತೋರಿಸಬಹುದಾದುದನ್ನು ಬಾಯಲ್ಲಿ ವರ್ಣಿಸುತ್ತ ಕೂರಬಾರದು. ಹತ್ತು ಅಂಶಗಳನ್ನು ತುಂಬುವುದಕ್ಕಿಂತ ಮೂರನ್ನು ಮನದಟ್ಟು ಮಾಡಬೇಕು. ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೆ ಕೇಳಿಸುವಷ್ಟು ದನಿಯಿರಬೇಕು. ಹಿಂದಿನ ದಿನವೇ ಒಬ್ಬ ಸ್ನೇಹಿತನ ಮುಂದೆ ಒಮ್ಮೆ ಹೇಳಿ ನೋಡಿ, ಹೊತ್ತನ್ನು ಅಳೆದುಕೊಳ್ಳಬೇಕು. ಯಾರಾದರೂ ಪ್ರಶ್ನೆ ಕೇಳಿ ಉತ್ತರ ತೋಚದಿದ್ದರೆ, ಗೊತ್ತಿಲ್ಲವೆಂದು ಹೇಳುವುದಕ್ಕೆ ನಾಚಬಾರದು. ತಿಳಿಯದುದನ್ನು ತಿಳಿದಂತೆ ಹೇಳಿದವನ ಮಿಕ್ಕ ಮಾತುಗಳನ್ನೂ ಸಭೆಯು ನಂಬದು. ಮೊದಲು ಕನ್ನಡದಲ್ಲಿ ಧೈರ್ಯ ಹುಟ್ಟಲಿ. ಒಂದು ಭಾಷೆಯಲ್ಲಿ ನಿಂತ ಕಾಲು ಇನ್ನೊಂದು ಭಾಷೆಯಲ್ಲಿಯೂ ನಿಲ್ಲುವುದು.

ಇಷ್ಟು ಮೊದಲನೆಯ ಅಂಗದ ಮಾತು. ಎರಡನೆಯದು ಇದಕ್ಕಿಂತ ಕಠಿನವಾದುದು. ಅದು ಹೇಗೆಂದರೆ, ಒಂದು ದೃಷ್ಟಾಂತವನ್ನು ಭಾವಿಸಿರಿ. ರೇಷ್ಮೆಯನ್ನೇ ನಂಬಿದ ಒಂದು ಗ್ರಾಮ. ಚಳಿ ಹಾಗೂ ತೇವದ ದಿನಗಳಲ್ಲಿ ಹುಳುಗಳಿಗೆ ಸುಣ್ಣಕಟ್ಟು ರೋಗ ತಗಲಿ, ಹಲವು ಮನೆಗಳ ಬೆಳೆ ಹಾಳಾಗಿದೆ. ವಿದ್ಯಾರ್ಥಿಗಳು ಗ್ರಾಮಸ್ಥರನ್ನು ಸೇರಿಸಿ ವಿಚಾರ ಮಾಡುತ್ತಾರೆ. ಮುಂದಿನ ಸಾಲಿನಲ್ಲಿ ಯಜಮಾನರು ಕುಳಿತಿದ್ದಾರೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬರುವವರು ಅವರು. ದರದ ಏರಿಳಿತವನ್ನು ಸೊಗಸಾಗಿ ಹೇಳುತ್ತಾರೆ. ಒಂದು ಗಂಟೆ ಕಳೆಯಿತು, ರೋಗದ ಮೂಲ ತಿಳಿಯಲಿಲ್ಲ. ಏಕೆಂದರೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿದವಳು, ನಾಲ್ಕು ಜ್ವರಗಳಲ್ಲಿಯೂ ಹುಳುವಿನ ಮೈಬಣ್ಣ ನೋಡಿದವಳು, ಒದ್ದೆ ಸೊಪ್ಪು ಯಾವ ದಿನ ಬಂದಿತೆಂಬುದನ್ನು ಬಲ್ಲವಳು ಬಾಗಿಲ ಸಂದಿನಲ್ಲಿ ನಿಂತಿದ್ದಾಳೆ. ಆಕೆಯನ್ನು ಯಾರೂ ಕೇಳಲಿಲ್ಲ. ಕೇಳಿದರೂ ಮಾವನವರ ಮುಂದೆ ಆಕೆ ಬಾಯಿ ತೆರೆಯಲಾರಳು.

ಇಲ್ಲಿ ಸಭೆ ನಡೆಸುವವನ ವಿದ್ಯೆ ಪರೀಕ್ಷೆಗೆ ಬರುವುದು. ಬಲ್ಲವನು ಎಲ್ಲರೆದುರಿಗೆ ಆಕೆಯ ಹೆಸರು ಹಿಡಿದು ಕರೆದು ನಾಚಿಸುವುದಿಲ್ಲ. ಹೆಂಗಸರನ್ನು ಬೇರೆಯಾಗಿ, ಹುಳುಮನೆಯ ಹತ್ತಿರವೇ ಸೇರಿಸಿ, ಒಬ್ಬ ವಿದ್ಯಾರ್ಥಿನಿಯ ಮೂಲಕ ಕೇಳಿಸುತ್ತಾನೆ. ಅಲ್ಲಿ ಬಂದ ಮಾತನ್ನು ಅವರ ಒಪ್ಪಿಗೆಯಿಂದ ದೊಡ್ಡ ಸಭೆಗೆ ತರುತ್ತಾನೆ. ಹೆಚ್ಚು ಮಾತನಾಡುವ ಹಿರಿಯರನ್ನು ಅವಮಾನಿಸುವುದಿಲ್ಲ. "ಅಯ್ಯನವರು ಹೇಳಿದ್ದು ತಿಳಿಯಿತು, ಇನ್ನು ಈ ಕಡೆಯವರ ಮಾತೂ ಬರಲಿ" ಎಂದು ಮೆಲ್ಲಗೆ ದಾರಿ ತಿರುಗಿಸುತ್ತಾನೆ. ಕೇಳಿದ ಮಾತನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿ, "ಹೀಗೆಯೇ ಅಲ್ಲವೆ?" ಎಂದು ಸರಿನೋಡುತ್ತಾನೆ. ತನ್ನ ಅಭಿಪ್ರಾಯವನ್ನು ಮೊದಲೇ ಮುಂದಿಟ್ಟು ಮಿಕ್ಕವರ ಬಾಯಿ ಕಟ್ಟುವುದಿಲ್ಲ. ಮೌನಕ್ಕೆ ಹೆದರಿ ತಾನೇ ಮಾತು ತುಂಬುವುದಿಲ್ಲ. ಮೌನವೂ ಒಂದು ಯೋಚನೆಯ ಕಾಲವೆಂದು ತಾಳಿಕೊಳ್ಳುತ್ತಾನೆ. ಕೊನೆಯಲ್ಲಿ ಯಾವ ಕೆಲಸ, ಯಾರಿಂದ, ಎಂದಿಗೆ ಎಂಬ ಮೂರನ್ನೂ ಬರೆದು ಓದಿ ಹೇಳಿದ ಮೇಲೆಯೇ ಸಭೆಯನ್ನು ಮುಗಿಸುತ್ತಾನೆ.

ಇದು ಹೊರನಾಡಿನಿಂದ ಬಂದ ಹೊಸ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿದ್ದು ಇದನ್ನೇ ಅಲ್ಲವೆ? ಆ ಗೋಷ್ಠಿಯ ಶೂನ್ಯಸಿಂಹಾಸನದಲ್ಲಿ ಕುಳಿತವರು ಮಹಾಮನೆಯ ಒಡೆಯರಾದ ಬಸವಣ್ಣನವರಲ್ಲ, ಅಲ್ಲಮಪ್ರಭುದೇವರು. ಮನೆ ಕಟ್ಟಿದವನು ತಾನೇ ಪೀಠವನ್ನೇರದೆ ಇನ್ನೊಬ್ಬರನ್ನು ಕೂರಿಸಿದುದೇ ಮೊದಲನೆಯ ಪಾಠ. ಪ್ರಭುದೇವರ ರೀತಿಯಾದರೋ ಉಪದೇಶಕ್ಕಿಂತ ಹೆಚ್ಚಾಗಿ ಪ್ರಶ್ನೆಯ ರೀತಿ. ಅಕ್ಕಮಹಾದೇವಿಯನ್ನು ಕಠಿನವಾಗಿ ಪ್ರಶ್ನಿಸಿದರು. ಆದರೆ ಆಕೆಯ ಉತ್ತರವನ್ನು ಪೂರ್ಣವಾಗಿ ಕೇಳಿದರು, ಕೇಳಿ ತಲೆದೂಗಿದರು. ಕಾಯಕಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ತಿದ್ದಿದ ಆಯ್ದಕ್ಕಿ ಲಕ್ಕಮ್ಮನ ಮಾತಿಗೂ ಅಲ್ಲಿ ಸ್ಥಾನವಿದ್ದಿತು.

ಈ ಸಂವಾದಗಳನ್ನು ವಚನಗಳ ಮೂಲಕ ಹೆಣೆದ ಗ್ರಂಥವೇ ಶೂನ್ಯಸಂಪಾದನೆ. ಅದನ್ನು ಮೊದಲು ಸಂಕಲಿಸಿದವರು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಮುಂದೆ ಅದನ್ನು ಪರಿಷ್ಕರಿಸಿದವರಲ್ಲಿ ಒಬ್ಬರು ಗುಮ್ಮಳಾಪುರದ ಸಿದ್ಧಲಿಂಗಯತಿಗಳು. ಆನೇಕಲ್ಲಿನ ಆಚೆ, ಈಗ ತಮಿಳುನಾಡಿಗೆ ಸೇರಿರುವ ಆ ಗುಮ್ಮಳಾಪುರವು ಕನಕಪುರದ ಸೀಮೆಗೆ ದೂರವಲ್ಲ. ಆ ಗ್ರಂಥದಲ್ಲಿ ಮರುಳಶಂಕರದೇವರ ಪ್ರಸಂಗವೊಂದುಂಟು. ದೂರದೇಶದಿಂದ ಬಂದ ಆ ಶರಣರು ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಯಾರ ಗಮನಕ್ಕೂ ಬಾರದೆ ಇದ್ದರು. ಅಷ್ಟು ಜನ ಅನುಭಾವಿಗಳು ದಿನವೂ ಸುಳಿದಾಡುತ್ತಿದ್ದರೂ ಅವರನ್ನು ಗುರುತಿಸಿದವರು ಪ್ರಭುದೇವರು. ಇಷ್ಟು ದಿನ ಅರಿಯದೆ ಹೋದೆನಲ್ಲಾ ಎಂದು ಬಸವಣ್ಣನವರು ಮರುಗಿದರು. ಸಭೆಯನ್ನು ನಡೆಸುವವನಿಗೆ ಇದಕ್ಕಿಂತ ದೊಡ್ಡ ಪಾಠವೆಲ್ಲಿದೆ? ಬಸವಣ್ಣನವರಂಥವರ ಮನೆಯಲ್ಲಿಯೇ ಒಬ್ಬ ಮಹಾತ್ಮನು ಹನ್ನೆರಡು ವರ್ಷ ಅಡಗಿ ಉಳಿಯಬಹುದಾದರೆ, ಸಾಮಾನ್ಯರ ಸಭೆಯ ಹಿಂದಿನ ಸಾಲಿನಲ್ಲಿ ಎಷ್ಟು ಜನ ಮರುಳಶಂಕರರು ಮಾತಿಲ್ಲದೆ ಎದ್ದುಹೋಗುತ್ತಿರಬಹುದು!

ಕಲ್ಯಾಣದಿಂದ ಈ ಕಾಲಕ್ಕೆ ಬಂದರೂ ಪ್ರಶ್ನೆ ಅದೇ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯು 144 ಮಂದಿ ಸದಸ್ಯರೊಡನೆ ಮೊದಲು ಕೂಡಿತು. ತಾಲ್ಲೂಕು ತಾಲ್ಲೂಕುಗಳಿಂದ ರೈತರೂ ವರ್ತಕರೂ ಬಂದು ಸರ್ಕಾರದ ಮುಂದೆ ಅಹವಾಲು ಹೇಳಿಕೊಳ್ಳುವ ವಾಡಿಕೆ ಅಂದಿನಿಂದ ಬೆಳೆಯಿತು. ಈಗಲಾದರೋ 1993ರ ಪಂಚಾಯತ್ ರಾಜ್ ಶಾಸನದಿಂದ ಪ್ರತಿ ಗ್ರಾಮದ ಮತದಾರರಿಗೆಲ್ಲ ಗ್ರಾಮಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ದೊರೆತಿದೆ. ಮನೆ ಯಾರಿಗೆ, ನಲ್ಲಿ ಯಾವ ಕೇರಿಗೆ ಎಂಬುದು ಅಲ್ಲಿ ಚರ್ಚೆಗೆ ಬರುವುದು. ಹಕ್ಕು ಕಾಗದದ ಮೇಲಿದ್ದು, ಬಾಯಿ ಬಾರದಿದ್ದರೆ ಫಲವೇನು? ಮಾತನಾಡದ ಕೇರಿಗೆ ನೀರು ತಡವಾಗಿ ಬರುವುದು.

ವಿದ್ಯಾರ್ಥಿಗಳಿಗೆ ಇದನ್ನು ಕಲಿಯಲು ಅವಕಾಶವೂ ಇದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಮೂಲಕ ಕಾಲೇಜಿನ ತರುಣತರುಣಿಯರು ಏಳು ದಿನಗಳ ವಿಶೇಷ ಶಿಬಿರಕ್ಕಾಗಿ ಹಳ್ಳಿಗಳಿಗೆ ಹೋಗುತ್ತಾರೆ. ಅಲ್ಲಿ ಹಗಲು ಚರಂಡಿ ತೆಗೆದು ಸಂಜೆ ಭಾಷಣ ಮಾಡಿ ಬರುವುದಷ್ಟೇ ಆದರೆ ಅರ್ಧ ಕೆಲಸವಾಯಿತು. ಗ್ರಾಮೀಣ ಸಮೀಕ್ಷೆಯ ಒಂದು ಪದ್ಧತಿಯಂತೆ, ಊರ ನಡುವಿನ ಬಯಲಿನಲ್ಲಿ ರಂಗೋಲಿಯ ಪುಡಿಯನ್ನು ಗ್ರಾಮಸ್ಥರ ಕೈಗೇ ಕೊಟ್ಟು, ಊರಿನ ನಕ್ಷೆಯನ್ನು ಅವರಿಂದಲೇ ಬರೆಯಿಸುತ್ತಾರೆ. ಕೆರೆ, ಬಾವಿ, ಗುಡಿ, ಕೇರಿ ಒಂದೊಂದಾಗಿ ನೆಲದ ಮೇಲೆ ಮೂಡುತ್ತವೆ. ರಂಗೋಲಿಯ ಪುಡಿ ಹಿಡಿದ ಕೈ ಹೆಂಗಸಿನದು. ಅಕ್ಷರ ಬಾರದಿದ್ದರೂ ಆಕೆಯ ಗೆರೆ ತಪ್ಪದು. ವಿದ್ಯಾರ್ಥಿಯು ಪಕ್ಕಕ್ಕೆ ಸರಿದು ನಿಂತು ನೋಡಿ ಕಲಿಯುತ್ತಾನೆ. ಕೈಯಲ್ಲಿರುವ ಕೋಲನ್ನು ಇನ್ನೊಬ್ಬರಿಗೆ ಕೊಡಲಾರದವನು ಸಭೆಯನ್ನು ನಡೆಸಲಾರನು.

ಇಷ್ಟು ಹೇಳಿದ ಮೇಲೆ ಭಕ್ತರೂ ಮಠಗಳೂ ತಮ್ಮನ್ನು ತಾವೇ ಒಮ್ಮೆ ನೋಡಿಕೊಳ್ಳುವುದು ಉಚಿತ. ಉತ್ಸವಗಳ ವೇದಿಕೆಯಲ್ಲಿ ಭಾಷಣಗಳು ಹಲವು, ಪ್ರಶ್ನೆಗಳು ಕೆಲವು. ಸಾವಿರ ಜನ ಕೇಳಿ ಎದ್ದುಹೋಗುತ್ತಾರೆ. ಒಬ್ಬನಾದರೂ ಕೇಳಿದುದನ್ನು ಮರಳಿ ಕೇಳುವ ಪರಿಪಾಠವಿಲ್ಲ. ಪ್ರಶ್ನೆಯಿಂದ ಹುಟ್ಟಿದ ಧರ್ಮಕ್ಕೆ ಇದು ಶೋಭಿಸುವುದೇ? ಗುರುವಿನಲ್ಲಿ ಭಕ್ತಿಯಿರುವುದಕ್ಕೂ ಗುರುವನ್ನು ವಿನಯದಿಂದ ಪ್ರಶ್ನಿಸುವುದಕ್ಕೂ ವಿರೋಧವಿಲ್ಲವೆಂಬುದನ್ನು ಕಲ್ಯಾಣದ ಗೋಷ್ಠಿಯೇ ತೋರಿಸಿಕೊಟ್ಟಿದೆ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 1941ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಿದ್ಧಗಂಗೆಯ ಮಠವನ್ನು ನಡೆಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಕೊಟ್ಟರು. ಈ ಸೀಮೆಯಲ್ಲಿ ಹುಟ್ಟಿದ ಆ ಪುಣ್ಯಪುರುಷರು ತೋರಿದ ದಾರಿಯಲ್ಲಿಯೇ ಇನ್ನೊಂದು ಹೆಜ್ಜೆ ಉಳಿದಿದೆ. ಅನ್ನ ಪಡೆದ ಮಗುವಿಗೆ ದನಿಯನ್ನೂ ಕೊಡುವುದೇ ಆ ಹೆಜ್ಜೆ. ಅದಕ್ಕೆ ಹಣ ಬೇಡ, ಕಟ್ಟಡ ಬೇಡ. ಪ್ರತಿಯೊಂದು ವಿದ್ಯಾರ್ಥಿನಿಲಯದಲ್ಲಿ ವಾರಕ್ಕೊಂದು ಸಂಜೆ, ಪ್ರಾರ್ಥನೆಯಾದ ಮೇಲೆ, ಹನ್ನೆರಡು ಹದಿನೈದು ಮಕ್ಕಳು ವೃತ್ತಾಕಾರವಾಗಿ ನೆಲದ ಮೇಲೆ ಕೂರಲಿ. ವಾರಕ್ಕೊಬ್ಬರಂತೆ ಸರದಿಯಲ್ಲಿ ಗೋಷ್ಠಿಯನ್ನು ನಡೆಸಲಿ. ಒಬ್ಬರು ಐದು ನಿಮಿಷ ವಿಷಯವನ್ನು ನಿರೂಪಿಸಲಿ. ಉಳಿದವರೆಲ್ಲರೂ ಒಂದೊಂದು ಪ್ರಶ್ನೆಯನ್ನಾದರೂ ಕೇಳಲಿ. ತಪ್ಪಿದವರನ್ನು ನೋಡಿ ನಗಬಾರದೆಂಬುದೊಂದೇ ಕಟ್ಟಳೆ. ಹಿರಿಯರು ಬಂದರೆ ಅವರೂ ಅದೇ ನೆಲದ ಮೇಲೆ ಕುಳಿತು, ಮಕ್ಕಳ ಮಾತು ಮುಗಿಯುವವರೆಗೆ ಕೇಳಲಿ.

ಒಂದು ವರ್ಷ ಹೀಗೆ ನಡೆದರೆ ಒಬ್ಬ ಹುಡುಗಿ ತನ್ನ ಊರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡುವಳು. ಆಮೇಲೆ ಹಿಂದಿನ ಸಾಲಿನ ಕಡೆಗೆ ತಿರುಗಿ, "ಅಮ್ಮಾ, ನೀವೇನೆನ್ನುತ್ತೀರಿ?" ಎಂದು ಕೇಳುವಳು. ಆ ಪ್ರಶ್ನೆ ಕೇಳಿಸಿದ ದಿನ ಈ ಮಹೋತ್ಸವವು ಸಾರ್ಥಕವಾಯಿತೆಂದು ತಿಳಿಯಬಹುದು.