ಕಲ್ಯಾಣಕ್ಕೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ

ಇವತ್ತು ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಹೋಗೋಣ. ಅಲ್ಲಿ ಏನು ನೋಡಬೇಕು, ರಾತ್ರಿ ಎಲ್ಲಿ ತಂಗಬೇಕು ಅನ್ನೋದನ್ನು ಮಾತಾಡೋಣ.

ಮೊದಲು ವಜ್ರದ ವಿಷಯ, ಅದು ನಮ್ಮನ್ನು ಕಲ್ಯಾಣಕ್ಕೇ ಕರೆತರುತ್ತದೆ. ಹೈದರಾಬಾದಿನಿಂದ ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದನ್ನು ಹಾಯ್ದೇ ಹೋಗುತ್ತದೆ. ಇದೇ ಹೆದ್ದಾರಿ ಆ ಕಡೆ, ಹಿಂದೆ ವಜ್ರಕ್ಕೆ ಹೆಸರಾಗಿದ್ದ ನಾಡನ್ನು ಹಾಯ್ದು, ಮಚಲೀಪಟ್ಟಣದವರೆಗೂ ಇದೆ. ಗೋಲ್ಕೊಂಡದ ವಜ್ರ ಅಂತ ಜಗತ್ತು ಕೊಂಡಾಡಿದ ಕಲ್ಲುಗಳು ನಿಜಕ್ಕೂ ಸಿಕ್ಕಿದ್ದು ಕೃಷ್ಣಾ ನದಿಯ ದಂಡೆಯ ಕೊಲ್ಲೂರಿನಂಥ ಗಣಿಗಳಲ್ಲಿ. ಗೋಲ್ಕೊಂಡ ಅವುಗಳ ಸಂತೆ. ಆ ಕೊಲ್ಲೂರು ಈಗ ಪುಲಿಚಿಂತಲ ಜಲಾಶಯದಲ್ಲಿ ಮುಳುಗಡೆಯಾಗಿದೆ. ಗಣಿ ಹೋಯಿತು. ಆದರೆ ವಜ್ರವನ್ನು ಹೇಗೆ ಪರೀಕ್ಷೆ ಮಾಡಬೇಕು, ಅರಸನ ಬೊಕ್ಕಸದಲ್ಲಿ ಎಂಥೆಂಥ ರತ್ನ ಇರಬೇಕು ಅಂತ ಬರೆದಿಟ್ಟ ಒಬ್ಬ ಅರಸನ ಊರು ಉಳಿದಿದೆ. ಅದೇ ಕಲ್ಯಾಣ, ಇಂದಿನ ಬಸವಕಲ್ಯಾಣ.

ಆ ಅರಸ ಚಾಲುಕ್ಯರ ಮೂರನೆಯ ಸೋಮೇಶ್ವರ. ಸುಮಾರು 1129ರಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ 100 ಅಧ್ಯಾಯಗಳಿವೆ. ಆನೆ, ಕುದುರೆ, ಅಡುಗೆ, ಸಂಗೀತ, ನಾಟ್ಯ, ಸುಗಂಧ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಬೊಕ್ಕಸದ ಮಾತು ಬಂದಲ್ಲಿ ವಜ್ರ, ಮುತ್ತು, ಮಾಣಿಕ್ಯಗಳ ಗುಣದೋಷ. ಇದಾಗಿ ಕೆಲವೇ ದಶಕಗಳಲ್ಲಿ ಕಲಚೂರಿ ಬಿಜ್ಜಳ ಪಟ್ಟಕ್ಕೆ ಬಂದ. ಆಗ ಇದೇ ಊರಿನ ಭಂಡಾರದ ಕೀಲಿಕೈ ಯಾರ ಕೈಗೆ ಬಂತು ಗೊತ್ತಲ್ಲ? ಬಸವಣ್ಣನವರ ಕೈಗೆ. ಅರಸನ ರತ್ನಭಂಡಾರ ಕಾಯುತ್ತಿದ್ದವರು ಅದೇ ಊರಲ್ಲಿ ಸಮಗಾರ ಹರಳಯ್ಯನನ್ನು, ಮಡಿವಾಳ ಮಾಚಯ್ಯನನ್ನು, ಅಂಬಿಗರ ಚೌಡಯ್ಯನನ್ನು ತಮ್ಮ ಸರಿಸಮ ಕೂರಿಸಿಕೊಂಡು ಮಾತಾಡಿದರು. ಕಲ್ಯಾಣಕ್ಕೆ ಹೋಗುವಾಗ ಈ ಎರಡೂ ನೆನಪಿನಲ್ಲಿರಲಿ, ಊರು ಬೇರೆಯೇ ಥರ ಕಾಣುತ್ತದೆ.

ಈಗ ಹೋಗುವ ದಾರಿ. ಬೆಂಗಳೂರು ಕಡೆಯವರು ರೈಲಿನಲ್ಲಿ ಕಲಬುರಗಿಗೆ ಬಂದು ಇಳಿಯುವುದೇ ಸಲೀಸು. ಅಲ್ಲಿಂದ ಬಸವಕಲ್ಯಾಣ ಸುಮಾರು 80 ಕಿ.ಮೀ. ಬೀದರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಹುಮನಾಬಾದಿಗೂ ರೈಲು ಬಂತು. ಆದರೆ ಗಾಡಿಗಳು ಕಮ್ಮಿ, ವೇಳೆ ನೋಡಿಕೊಂಡೇ ಹೊರಡಿ. ಬಸ್ಸಿಗೆ ಬರಗಾಲ ಇಲ್ಲ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದ್ದೇ ಇದೆ, ಆಧಾರ್ ಕೈಯಲ್ಲಿರಲಿ. ಹೆದ್ದಾರಿಯಲ್ಲಿ ಬರುವವರು ಸಸ್ತಾಪುರ ಬಂಗ್ಲಾ ಹತ್ತಿರ ಇಳಿಯಬೇಕು, ಊರು ಅಲ್ಲಿಂದ ಒಳಗಿದೆ. ಎಲ್ಲರೂ ಬರೀ ‘ಬಂಗ್ಲಾ’ ಅಂತಾರೆ. ಕಂಡಕ್ಟರಿಗೂ ಹಾಗೇ ಹೇಳಿ, ಸಾಕು.

ಬಹಳ ಮಂದಿ ಬೀದರ್ ಕೋಟೆ ನೋಡಿ, ಮಧ್ಯಾಹ್ನ ಇಲ್ಲಿಗೆ ಬಂದು, 108 ಅಡಿಯ ಬಸವಣ್ಣನ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟುಬಿಡುತ್ತಾರೆ. ನನಗೆ ಇದು ನಿಜವಾಗಿಯೂ ಸಂಕಟದ ವಿಷಯ. ಹಂಪಿಯಲ್ಲಿ ಹಳೆಯ ಪಟ್ಟಣ ಹಾಳು ಬಿದ್ದಿದೆ, ಅದರೊಳಗೆ ಸುತ್ತಬಹುದು. ಕಲ್ಯಾಣ ಹಾಗೆ ಪಾಳು ಬಿದ್ದ ಊರಲ್ಲ. ಹಳೆಯ ರಾಜಧಾನಿಯ ಮೇಲೆಯೇ ಇವತ್ತಿನ ಊರು ಸಂಸಾರ ಹೂಡಿದೆ. ಒಂದು ಗವಿ ಇಲ್ಲಿ, ಒಂದು ಗದ್ದುಗೆ ಅಲ್ಲಿ, ಕೆರೆ ಇನ್ನೊಂದು ಕಡೆ. ಬಿಸಿಲಿನಲ್ಲಿ ಎರಡು ತಾಸು ಓಡಾಡಿದರೆ ಏನೂ ಕೈಗೆ ಹತ್ತುವುದಿಲ್ಲ. ಅದಕ್ಕೇ ನನ್ನ ಒತ್ತಾಯ: ಒಂದು ರಾತ್ರಿ ಊರಲ್ಲೇ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಎದ್ದು ನಡೆಯಿರಿ.

ಬೆಳಿಗ್ಗೆ ಮೊದಲು ತ್ರಿಪುರಾಂತಕ ಕೆರೆಯ ಕಡೆ. ಹರಳಯ್ಯನ ಗವಿ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಒಂದೊಂದಾಗಿ ನೋಡಿ. ಇಲ್ಲಿ ದೊಡ್ಡ ಶಿಲ್ಪವೈಭವ ಹುಡುಕಬೇಡಿ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಆ ಇಬ್ಬರು ತಂದೆಯರೂ ಘೋರ ಶಿಕ್ಷೆ ಅನುಭವಿಸಿ ಪ್ರಾಣ ಬಿಟ್ಟರು ಅಂತ ಶರಣ ಪರಂಪರೆ ಹೇಳುತ್ತದೆ. ಶರಣರು ಚದುರಿದ್ದು, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಹೋದದ್ದು, ಎಲ್ಲ ಇಲ್ಲಿಂದಲೇ. ಸಮಗಾರನೊಬ್ಬನ ಹೆಸರಿನ ಗವಿಗೆ ಇವತ್ತೂ ಜನ ಕೈ ಮುಗಿದು ಹೋಗುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಸುಮ್ಮನೆ ಕೂತು ನೋಡಿ.

ಅಲ್ಲಿಂದ ಅನುಭವ ಮಂಟಪ, ಅಲ್ಲಮ ಪ್ರಭುದೇವರ ಗದ್ದುಗೆ, ಊರ ನಡುವಿನ ಬಸವೇಶ್ವರ ದೇವಸ್ಥಾನ. ಈಗಿರುವ ಅನುಭವ ಮಂಟಪ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಶ್ರಮದ ಫಲ. ನಿಜಾಮರ ಕಾಲದಲ್ಲೂ ಆ ಭಾಗದಲ್ಲಿ ಕನ್ನಡ ಉಳಿಸಲು ಹೆಣಗಿದವರು ಅವರು. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು, 500 ಕೋಟಿ ರೂಪಾಯಿಯ ಯೋಜನೆ ಅಂತ ಸರಕಾರ ಘೋಷಿಸಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ ಆಯಿತಲ್ಲ, ಆ ಹೆಸರಿನ ಹಿಂದೆ ಇರುವುದೂ ಈ ಊರೇ.

ಕೋಟೆಗೆ ಬಿಸಿಲೇರುವ ಮುಂಚೆ ಹೋಗಿ. ಚಾಲುಕ್ಯ, ಬಹಮನಿ, ಬರೀದ್ ಶಾಹಿ, ಆದಿಲ್ ಶಾಹಿ, 1657ರಲ್ಲಿ ಔರಂಗಜೇಬನ ಮುತ್ತಿಗೆ, ಆಮೇಲೆ ಕಲ್ಯಾಣಿ ನವಾಬರು: ಎಲ್ಲರ ಗುರುತೂ ಗೋಡೆಯ ಮೇಲೆ ಇದೆ. ಬುರುಜಿನ ಮೇಲೆ ತೋಪುಗಳಿವೆ, ಒಳಗೊಂದು ವಸ್ತುಸಂಗ್ರಹಾಲಯವೂ ಇದೆ. ಸರಕಾರಿ ಸಂಗ್ರಹಾಲಯಗಳು ಸಾಮಾನ್ಯವಾಗಿ ಸೋಮವಾರ ಬಾಗಿಲು ಹಾಕುತ್ತವೆ, ಹಾಗಾಗಿ ಸೋಮವಾರ ಬೇಡ. ಹತ್ತಿರದ ನಾರಾಯಣಪುರದ ಶಿವಾಲಯ ಆಟೋದವರಿಗೆಲ್ಲ ಗೊತ್ತು. ಹೋಗಿಬರಲು ಎಷ್ಟು ಅಂತ ಮೊದಲೇ ಮಾತಾಡಿಕೊಂಡು ಹತ್ತಿ.

ಈಗ ತಂಗುವ ಪ್ರಶ್ನೆ. ಬಸವಕಲ್ಯಾಣದಲ್ಲಿ ಲಾಡ್ಜುಗಳಿವೆ, ಸಾಧಾರಣವಾದವು. ಅಡ್ವಾನ್ಸ್ ಕೊಡುವ ಮುಂಚೆ ರೂಮು ಕಣ್ಣಾರೆ ನೋಡಿ, ಬಿಸಿನೀರು ಎಷ್ಟು ಗಂಟೆಗೆ ಬಿಡುತ್ತಾರೆ ಕೇಳಿ, ರಸ್ತೆ ಕಡೆಯದ್ದು ಬಿಟ್ಟು ಹಿಂದಿನ ರೂಮು ಕೇಳಿ. ಪ್ರವಾಸಿ ಮಂದಿರವನ್ನು ನಂಬಿಕೊಂಡು ಹೋಗಬೇಡಿ, ಅದಕ್ಕೆ ಇಲಾಖೆಯ ಅನುಮತಿ ಬೇಕು, ಸಾಹೇಬರು ಬಂದರೆ ನಿಮ್ಮ ರೂಮು ಹೋಯಿತು. ಮಠಗಳಲ್ಲಿ ಉಳಿಯುವ ಮನಸ್ಸಿದ್ದರೆ ಮುಂಚೆ ಫೋನು ಮಾಡಿ ವಿಚಾರಿಸಿ. ದಾಸೋಹದಲ್ಲಿ ಉಂಡರೆ ಕೈಲಾದದ್ದು ಕಾಣಿಕೆ ಹಾಕಿ, ತಟ್ಟೆ ತೊಳೆದಿಡಿ. ಬಸವ ಜಯಂತಿ ಮತ್ತು ಅಕ್ಟೋಬರಿನ ಕಲ್ಯಾಣ ಪರ್ವದ ದಿನಗಳಲ್ಲಿ ಊರು ತುಂಬಿ ತುಳುಕುತ್ತದೆ. ಆಗ ರೂಮು ಸಿಗುವುದು ಕಷ್ಟ, ಆದರೆ ಊರಿನ ಕಳೆ ನೋಡುವುದಿದ್ದರೆ ಆಗಲೇ ನೋಡಬೇಕು.

ಮಕ್ಕಳು, ವಯಸ್ಸಾದವರು ಜೊತೆಗಿದ್ದು ಎಸಿ, ಲಿಫ್ಟು ಬೇಕು ಅನ್ನುವವರಿಗೆ ಬೀದರ್ ಅಥವಾ ಕಲಬುರಗಿ ಸರಿ. ಬೀದರಿನಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಬರೀದ್ ಶಾಹಿ ಇದೆ, ಊರ ಹೊರಗೆ ವಿಲಾಸಪುರದಲ್ಲಿ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಸ್ವಂತ ಗಾಡಿಯವರಿಗೆ ಹೆದ್ದಾರಿ ಪಕ್ಕದ ಹುಮನಾಬಾದೂ ಒಳ್ಳೆಯದೇ.

ಆದರೆ ಹುಮನಾಬಾದಿನಲ್ಲಿ ಎರಡನೆಯ ರಾತ್ರಿ ಕಳೆಯುವುದಾದರೆ ನನ್ನ ಆಯ್ಕೆ ಊರಿಗೆ ತಾಗಿಕೊಂಡಿರುವ ಮಾಣಿಕನಗರ. ಸಂತ ಮಾಣಿಕ ಪ್ರಭುಗಳು 1817ರಲ್ಲಿ ಹುಟ್ಟಿದ್ದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ, ಸಮಾಧಿಯಾದದ್ದು 1865ರಲ್ಲಿ ಇಲ್ಲಿ. ಅವರದು ಸಕಲಮತ ಸಂಪ್ರದಾಯ, ಯಾವ ಮತವನ್ನೂ ಹೊರಗಿಡದ್ದು. ಹಿಂದೂ ಮುಸ್ಲಿಮರಿಬ್ಬರೂ ಅವರ ದರ್ಬಾರಿಗೆ ಬರುತ್ತಿದ್ದರು. ಅವರ ಸಂಸ್ಥಾನದಲ್ಲಿ ಯಾತ್ರಿಕರಿಗೆ ಪ್ರಸಾದ, ವಸತಿ ಎರಡೂ ಇದೆ. ಡಿಸೆಂಬರಿನ ದತ್ತ ಜಯಂತಿಗೆ ಮಾತ್ರ ಮುಂಚೆಯೇ ತಿಳಿಸಿ ಹೋಗಿ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಆಗಲೂ ಅಷ್ಟೇ.

ಊಟಕ್ಕೆ ಖಾನಾವಳಿ ಹುಡುಕಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಮಾತಿನಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಬೇಸಿಗೆ ಇಲ್ಲಿ ಕೆಂಡ, ಏಪ್ರಿಲ್–ಮೇ ಬಿಟ್ಟುಬಿಡಿ. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹಿತ.

ಕೊನೆಗೆ ಒಂದು ಜಾಗ, ಇದನ್ನು ದಯವಿಟ್ಟು ಬಿಡಬೇಡಿ: ಜಲಸಂಗಿ. ಹುಮನಾಬಾದಿನಿಂದ ಸುಮಾರು 10 ಕಿ.ಮೀ. ಸಣ್ಣ ಹಳ್ಳಿ, ಚಾಲುಕ್ಯರ ಕಾಲದ ಈಶ್ವರ ಗುಡಿ. ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳ ಹತ್ತಿರ ನಿಲ್ಲಿ. ಉಳಿದವರು ಕನ್ನಡಿ ನೋಡಿಕೊಳ್ಳುವುದರಲ್ಲಿ, ಕುಣಿಯುವುದರಲ್ಲಿ ಮಗ್ನ. ಇವಳು ಶಾಸನ ಬರೆಯುತ್ತಿದ್ದಾಳೆ. ಮೈ ಬಳುಕಿಸಿ ತಿರುಗಿ ನಿಂತು ಕೈ ಎತ್ತಿ ಒಂದೊಂದೇ ಅಕ್ಷರ ಕೆತ್ತುತ್ತಿದ್ದಾಳೆ. ಆ ಅಕ್ಷರಗಳು ಬರೀ ಅಲಂಕಾರದ ಗೆರೆಗಳಲ್ಲ, ಓದಬಹುದಾದ ಶಾಸನ. ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಅದು, 1076ರಿಂದ 1126ರವರೆಗೆ 50 ವರ್ಷ ಕಲ್ಯಾಣದಿಂದ ಆಳಿದವನು. ಕಾಶ್ಮೀರದಿಂದ ಬಿಲ್ಹಣ ಬಂದದ್ದು, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದದ್ದು ಅವನ ಆಸ್ಥಾನದಲ್ಲೇ. ನಮ್ಮ ಅಪ್ಪ, ಅಜ್ಜಂದಿರ ಹೊಲಮನೆಯ ಪಾಲುಪಾರಿಕತ್ತು ನಡೆದದ್ದು ಆ ‘ಮಿತಾಕ್ಷರ’ದ ಪ್ರಕಾರ. ಅಂಥ ದೊರೆಯ ಹೆಸರನ್ನು ಕಲ್ಲಿನ ಮೇಲೆ ಒಬ್ಬ ಹೆಂಗಸಿನ ಕೈಯಿಂದ ಬರೆಸಬೇಕು ಅಂತ ಆ ಶಿಲ್ಪಿಗೆ ಹೊಳೆಯಿತಲ್ಲ, ನನಗಂತೂ ಎಷ್ಟು ನೋಡಿದರೂ ಸಾಲದು. ಮುಟ್ಟಬೇಡಿ, ಕಲ್ಲು ಸವೆಯುತ್ತದೆ.

ಹಳ್ಳಿಗೆ ಬಸ್ಸು ವಿರಳ. ಹುಮನಾಬಾದಿನಿಂದಲೇ ಆಟೋ ಮಾಡಿಕೊಂಡು, ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿ. ಮಧ್ಯಾಹ್ನ ಮೂರರೊಳಗೆ ಹುಮನಾಬಾದಿಗೆ ವಾಪಸಾದರೆ ಕಲಬುರಗಿ ಬಸ್ಸು ಹಿಡಿದು ರಾತ್ರಿ ಬೆಂಗಳೂರು ರೈಲಿಗೆ ಆರಾಮಾಗಿ ಮುಟ್ಟುತ್ತೀರಿ.