ಮೋಟಾರಿನ ಸಾಕ್ಷ್ಯ
(ದುಬೈನ ಕನ್ನಡ ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಳೆಯ ಯಂತ್ರವೊಂದು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಶ್ರೀಮಂತರ ಹವ್ಯಾಸವೆಂದು ಹಲವರಿಗೆ ಅನ್ನಿಸಬಹುದು. ಶ್ರಮ, ಸ್ಮೃತಿ ಮತ್ತು ಮಾರುಕಟ್ಟೆಯ ನಡುವಿನ ಸಂಬಂಧವನ್ನು ಅರಿಯಲು ಇದು ಒಳ್ಳೆಯ ದಾರಿಯೆಂದು ನಾನು ಭಾವಿಸುತ್ತೇನೆ.

ಪ್ರವಾಸಿಗರು ಬರುವ ಊರುಗಳಲ್ಲೆಲ್ಲ ಹೊಳೆಯುವ ಹಿತ್ತಾಳೆಯ ಕಹಳೆ ಹೊತ್ತ ಗ್ರಾಮಫೋನುಗಳು ಮಾರಾಟಕ್ಕಿರುತ್ತವೆ. ಪೆಟ್ಟಿಗೆಯ ಮೇಲೆ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಎಂಬ ಫಲಕ. ಕಹಳೆ, ಪೆಟ್ಟಿಗೆ, ಫಲಕ ಮೂರನ್ನೂ ಇಂದು ಹೊಸದಾಗಿ ಮಾಡಬಹುದು. ಮೋಟಾರನ್ನು ಹಾಗೆ ಮಾಡುವುದು ಸುಲಭವಲ್ಲ. ಆದ್ದರಿಂದ ತಟ್ಟೆಯನ್ನು ಎತ್ತಿ, ಹಲಗೆಯನ್ನು ಬಿಚ್ಚಿ ಒಳಗೆ ನೋಡಬೇಕು. ಅಲ್ಲಿ ಸಾಮಾನ್ಯವಾಗಿ ಸಿಗುವುದು ಸೂಟ್‌ಕೇಸಿನಂತೆ ಮುಚ್ಚಿ ಒಯ್ಯುತ್ತಿದ್ದ ಪೋರ್ಟಬಲ್ ಯಂತ್ರದ ಪುಟ್ಟ ಮೋಟಾರು. ಸ್ವಿಂಡನ್ನಿನ ಗ್ಯಾರಾರ್ಡ್, ಸ್ವಿಟ್ಜರ್ಲೆಂಡಿನ ಸಾಂತ್ ಕ್ರುವಾದ ಥೋರೆನ್ಸ್ ಮತ್ತು ಪೈಯಾರ್ ಸಂಸ್ಥೆಗಳು ಅಂಥ ಮೋಟಾರುಗಳನ್ನು ಹಲವು ಕಂಪನಿಗಳಿಗೆ ಒದಗಿಸುತ್ತಿದ್ದವು. ಹಿಸ್ ಮಾಸ್ಟರ್ಸ್ ವಾಯ್ಸ್‌ನ ಹೆಸರಾಂತ ಪೋರ್ಟಬಲ್ 102 ಬಂದದ್ದು 1931ರಲ್ಲಿ. ಕಹಳೆ 1905ರ ಮಾದರಿಯದು, ಮೋಟಾರು ಮೂವತ್ತರ ದಶಕದ್ದು ಎಂದಾದರೆ ಅವೆರಡೂ ಒಂದೇ ಯಂತ್ರದಲ್ಲಿ ಹುಟ್ಟಿದವಲ್ಲ.

ಇಂಥ ಜೋಡಣೆಯ ಯಂತ್ರಗಳು ಬಹುಪಾಲು ತಯಾರಾಗುವುದು ಭಾರತದಲ್ಲಿಯೇ. ಇಲ್ಲಿ ಒಂದು ಮಾತು. ಹಿತ್ತಾಳೆಯನ್ನು ಬಡಿದು ಕಹಳೆ ಮಾಡಿದವನ, ಸತ್ತ ಮೋಟಾರಿಗೆ ಜೀವ ತುಂಬಿದವನ ಕೈಚಳಕ ನಕಲಿಯಲ್ಲ. ಸುಳ್ಳು ಇರುವುದು ಫಲಕದಲ್ಲಿ. ಕುಶಲಕರ್ಮಿಯ ಹೆಸರಿಗೆ ಬೆಲೆಯಿಲ್ಲ, ವಿದೇಶಿ ಕಂಪನಿಯ ಹೆಸರಿಗೆ ಇದೆ. ಹಾಗಾಗಿ ಅವನ ಶ್ರಮ ಇನ್ನೊಬ್ಬರ ಹೆಸರು ಹೊತ್ತು ಮಾರುಕಟ್ಟೆಗೆ ಬರುತ್ತದೆ.

ಮೋಟಾರಿನ ನಿಜವಾದ ಕೆಲಸ ತಿರುಗಿಸುವುದಷ್ಟೇ ಅಲ್ಲ, ಒಂದೇ ವೇಗದಲ್ಲಿ ತಿರುಗಿಸುವುದು. ಕೀಲಿ ಕೊಟ್ಟ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಬಲ ಕಳೆದುಕೊಳ್ಳುತ್ತದೆ. ವೇಗವನ್ನು ಹಿಡಿದಿಡುವುದು ಗವರ್ನರ್. ಅದರ ಪುಟ್ಟ ತೂಕದ ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಚಾಚಿ, ಒಂದು ಬಿಲ್ಲೆಯನ್ನು ತಡೆಗೆ ಒತ್ತುತ್ತವೆ. ಪರೀಕ್ಷೆ ಸುಲಭ. ಭಾರತದಂತೆ ಇಲ್ಲಿಯೂ ವಿದ್ಯುತ್ತು 50 ಹರ್ಟ್ಸ್. 77 ಗೆರೆಗಳ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು, ಆ ವಿದ್ಯುತ್ತಿನ ಲಯಕ್ಕೆ ಮಿನುಗುವ ದೀಪದ ಕೆಳಗೆ ನೋಡಿದರೆ, ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ.

ಈ ವೇಗದ ಮೇಲೆ ಮನುಷ್ಯರ ದನಿಯೇ ನಿಂತಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ಆಕೆ ಮೈಸೂರು ಅರಮನೆಯ ಗಾಯಕಿಯಾಗಿ 1930ರಲ್ಲಿ ಆ ಊರಲ್ಲಿಯೇ ತೀರಿಕೊಂಡಳು. ಆ ಕಾಲದ ಎಲ್ಲ ಧ್ವನಿಮುದ್ರಣಗಳೂ ಕರಾರುವಾಕ್ಕಾಗಿ 78ರ ವೇಗದವಲ್ಲ. ತಪ್ಪು ವೇಗದಲ್ಲಿ ತಿರುಗಿಸಿದರೆ ಶ್ರುತಿ ಏರುಪೇರಾಗಿ, ಕೇಳುವುದು ಆಕೆಯ ದನಿಯಾಗಿ ಉಳಿಯುವುದಿಲ್ಲ.

ಸಿನಿಮಾ ಮಾತು ಕಲಿತಾಗಲೂ ಸಮಸ್ಯೆ ಇದೇ. ಮೂಕಿ ಚಿತ್ರವನ್ನು ಆಪರೇಟರ್ ಕೈಯಿಂದ ತಿರುಗಿಸಿ ವೇಗ ಹೆಚ್ಚುಕಡಿಮೆ ಮಾಡಬಹುದಿತ್ತು. ಟಾಕಿಯಲ್ಲಿ ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ ಫಿಲ್ಮು ಓಡಲೇಬೇಕು. ಹಳೆಯ ಪ್ರೊಜೆಕ್ಟರ್ ಸಿಕ್ಕಾಗ ಚಿತ್ರದ ಕಿಂಡಿಯ ಕೆಳಗೆ ನೋಡಿ. ಅಲ್ಲಿ ಪುಟ್ಟ ದೀಪ, ಕೂದಲೆಳೆಯಷ್ಟು ಬೆಳಕು ಬಿಡುವ ಸೀಳು, ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಸೆಲ್ ಇದ್ದರೆ ಅದು ಧ್ವನಿಯ ಭಾಗ. ಮೂಕಿ ಕಾಲದ ಎಷ್ಟೋ ಪ್ರೊಜೆಕ್ಟರುಗಳಿಗೆ ಈ ಭಾಗವನ್ನು ಆಮೇಲೆ ಸೇರಿಸಲಾಯಿತು. ಆದ್ದರಿಂದ ಮೇಲಿನ ಫಲಕದ ಇಸವಿಯೊಂದನ್ನೇ ನಂಬಬಾರದು. ಒಂದೇ ಯಂತ್ರದಲ್ಲಿ ಎರಡು ಕಾಲಗಳಿರುತ್ತವೆ.

ಇದೆಲ್ಲ ನಮಗೇಕೆ? ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’. ವೈ. ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅಭಿನಯಿಸಿದ, ಕೊಲ್ಲಾಪುರದಲ್ಲಿ ಚಿತ್ರೀಕರಣಗೊಂಡ ಈ ಚಿತ್ರ 1934ರ ಮಾರ್ಚ್ 3ರಂದು ತೆರೆಕಂಡಿತು. ಇಂದು ಅದರ ಪ್ರತಿಯಿಲ್ಲ. 1931ರ ‘ಆಲಂ ಆರಾ’ದ ಗತಿಯೂ ಅದೇ. ಭಾಷಾಭಿಮಾನದ ಘೋಷಣೆಗಳು ಎಷ್ಟೇ ಮೊಳಗಿದರೂ, ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲು ನುಡಿದ ದನಿಯನ್ನು ನಾವು ಉಳಿಸಿಕೊಳ್ಳಲಿಲ್ಲ. ಉಳಿದಿರುವ ಪ್ಲೇಟುಗಳು, ಯಂತ್ರಗಳು, ಅವನ್ನು ನಡೆಸಿದವರ ನೆನಪುಗಳೇ ಈಗ ನಮ್ಮ ದಾಖಲೆ.

ಹಾಗಾಗಿ ಊರಿನ ಅಟ್ಟದಲ್ಲಿ ಇಂಥದ್ದೊಂದು ಸಿಕ್ಕರೆ ಹೊಳಪು ಕೊಡುವ ಮುನ್ನ ಮೋಟಾರಿನ ಎಲ್ಲ ಬದಿಗಳ ಚಿತ್ರ ತೆಗೆಯಿರಿ, ಅಚ್ಚೊತ್ತಿದ ಅಕ್ಷರ ಮತ್ತು ಅಂಕಿಗಳನ್ನು ಬರೆದುಕೊಳ್ಳಿ. ಸುತ್ತಿದ ಸ್ಪ್ರಿಂಗಿರುವ ಡಬ್ಬಿಯನ್ನು ತೆರೆಯಬೇಡಿ, ಅದು ಕೈ ಕತ್ತರಿಸೀತು. ಐವತ್ತರ ದಶಕಕ್ಕೂ ಹಿಂದಿನ ಫಿಲ್ಮು ಸಿಕ್ಕರೆ ಬೆಂಕಿ, ಬಿಸಿಲುಗಳಿಂದ ದೂರವಿಡಿ. ಅದು ನೈಟ್ರೇಟ್ ಆಗಿದ್ದರೆ ಬಹುಬೇಗ ಹೊತ್ತಿಕೊಳ್ಳುತ್ತದೆ. ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೊಯ್ಯುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸುತ್ತದೆ ಎಂಬುದೂ ನೆನಪಿರಲಿ. ಅಜ್ಜನ ಯಂತ್ರವನ್ನು ಅಬುಧಾಬಿಯ ಹಜಾರಕ್ಕೆ ತರುವುದಕ್ಕಿಂತ ಊರಿನಲ್ಲಿಯೇ ದಾಖಲಿಸಿ ಕಾಯುವುದು ಲೇಸು.

ಕೊನೆಯದಾಗಿ, ಯಂತ್ರದ ಜೊತೆಗೆ ಅದನ್ನು ನಡೆಸಿದವರ ಹೆಸರನ್ನೂ ಬರೆದಿಡಿ: ಟೂರಿಂಗ್ ಟಾಕೀಸಿನ ಆಪರೇಟರ್, ಹೋಟೆಲಿನಲ್ಲಿ ಪ್ಲೇಟು ಹಾಕುತ್ತಿದ್ದ ಹುಡುಗ, ಬರ್ ದುಬೈನ ಹಳೆಯ ಚಿತ್ರಮಂದಿರಗಳ ಕೋಣೆಯಲ್ಲಿ ರೀಲು ಬದಲಿಸಿದ ವಲಸಿಗ. ಕಂಪನಿಯ ಹೆಸರನ್ನು ಕಂಪನಿಯೇ ಲೋಹದಲ್ಲಿ ಅಚ್ಚೊತ್ತಿಕೊಂಡಿದೆ. ಇವರ ಹೆಸರನ್ನು ಬರೆಯಬೇಕಾದವರು ನಾವು.